ರೈನ್ ಕಣಿವೆಯ ಬಂಡೆಗಳಲ್ಲಿ ಎರಡು ಬಗೆಯ ಗೀರುಗಳು

ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಜರ್ಮನಿಯ ಫ್ರಾಂಕ್‌ಫರ್ಟ್ ಸಮೀಪದವರೆಗೆ ಸುಮಾರು 300 ಕಿ.ಮೀ. ಉದ್ದಕ್ಕೆ, 30ರಿಂದ 40 ಕಿ.ಮೀ. ಅಗಲಕ್ಕೆ ಚಾಚಿಕೊಂಡಿರುವ ಮೇಲಣ ರೈನ್ ಕಣಿವೆಯನ್ನು ನದಿ ಕೊರೆಯಲಿಲ್ಲ. ಈಯೊಸೀನ್ ಯುಗದ ಕೊನೆಯ ಭಾಗದಿಂದ, ಎಂದರೆ ಸುಮಾರು ನಾಲ್ಕು ಕೋಟಿ ವರ್ಷಗಳ ಹಿಂದಿನಿಂದ, ಭೂಚಿಪ್ಪು ಹೆಚ್ಚುಕಡಿಮೆ ಪೂರ್ವ-ಪಶ್ಚಿಮವಾಗಿ ಹಿಗ್ಗಿದಾಗ ನಡುವಿನ ಪಟ್ಟಿ ಕುಸಿಯಿತು. ಪಶ್ಚಿಮದಲ್ಲಿ ವೋಜ್, ಪೂರ್ವದಲ್ಲಿ ಬ್ಲ್ಯಾಕ್ ಫಾರೆಸ್ಟ್ ಬೆಟ್ಟಸಾಲುಗಳು ಎತ್ತರದಲ್ಲಿ ಉಳಿದವು. ಕೋಟ್ಯಂತರ ವರ್ಷಗಳ ಹಿಂದೆ ಹೀಗೆಯೇ ಹಿಗ್ಗಿತೆಂದು ಹೇಳುವ ಧೈರ್ಯ ಭೂವಿಜ್ಞಾನಿಗಳಿಗೆ ಬಂದಿರುವುದು ಬಹುಮಟ್ಟಿಗೆ ಸ್ತರಭಂಗಗಳ, ಎಂದರೆ ಬಂಡೆ ಸೀಳಿ ಎರಡು ಬದಿಗಳು ಜಾರಿದ ಬಿರುಕುಗಳ, ನುಣುಪು ಮೈಯ ಮೇಲೆ ಉಜ್ಜಾಟದಿಂದ ಮೂಡಿದ ಗೀರುಗಳಿಂದ.

ಸ್ತರಭಂಗದ ಮೈಗೆ ಸಮಾಂತರವಾಗಿ ಜಾರಿಸುವ ಪ್ರತಿಬಲ (ಬಂಡೆಯೊಳಗೆ ಪ್ರತಿ ಚದರ ಅಳತೆಯ ಮೇಲೆ ಬೀಳುವ ಬಲ) ಯಾವ ದಿಕ್ಕಿನಲ್ಲಿ ಗರಿಷ್ಠವೋ ಆ ದಿಕ್ಕಿನಲ್ಲೇ ಬಂಡೆ ಜಾರುತ್ತದೆ ಎಂಬುದು 1951ರಲ್ಲಿ ವ್ಯಾಲೇಸ್, 1959ರಲ್ಲಿ ಬಾಟ್ ಎಂಬ ಭೂವಿಜ್ಞಾನಿಗಳು ಮುಂದಿಟ್ಟ ಊಹೆ. ಇದನ್ನು ತಿರುಗಿಸಿ, ಹಲವು ಸ್ತರಭಂಗಗಳ ಓರೆಯನ್ನೂ ಗೀರುಗಳ ದಿಕ್ಕನ್ನೂ ಅಳೆದು, ಅವೆಲ್ಲವನ್ನೂ ಒಟ್ಟಿಗೆ ವಿವರಿಸಬಲ್ಲ ಒಂದೇ ಪ್ರತಿಬಲವನ್ನು ಲೆಕ್ಕದಿಂದ ಹುಡುಕುವ ವಿಧಾನವನ್ನು ಬೆಳೆಸಿದವರಲ್ಲಿ ಫ್ರಾನ್ಸಿನ ಝಾಕ್ ಆಂಜೆಲಿಯೇ ಮುಖ್ಯರು. ದೊರೆಯುವ ಉತ್ತರದಲ್ಲಿ ಮೂರು ಪ್ರಧಾನ ಅಕ್ಷಗಳ (ಒತ್ತಡ ಅತಿ ಹೆಚ್ಚು, ನಡುವಣ, ಅತಿ ಕಡಿಮೆ ಇರುವ, ಪರಸ್ಪರ ಲಂಬ ರೇಖೆಗಳ) ದಿಕ್ಕುಗಳು ಮತ್ತು ಅವುಗಳ ಪ್ರಮಾಣದ ವ್ಯತ್ಯಾಸಗಳ ಒಂದು ಅನುಪಾತವಿರುತ್ತವೆ. ಪ್ರತಿಬಲ ಎಷ್ಟಿತ್ತೆಂಬುದು ಮಾತ್ರ ಸಿಗುವುದಿಲ್ಲ. ಬೀರುವನ್ನು ಎಳೆದಾಗ ನೆಲದಲ್ಲಿ ಮೂಡಿದ ಗೀರು ಎಳೆದ ದಿಕ್ಕನ್ನು ಹೇಳೀತು, ಎಷ್ಟು ಜನ ಕೈಹಾಕಿದ್ದರೆಂದು ಹೇಳದು.

ನನ್ನ ಮಟ್ಟಿಗೆ ನಿಜವಾದ ಕಷ್ಟ ಲೆಕ್ಕದಲ್ಲಿಲ್ಲ, ಅಳತೆಗಳನ್ನು ಬೇರ್ಪಡಿಸುವುದರಲ್ಲಿದೆ. ರೈನ್ ಕಣಿವೆಯ ಮೇಲಿನ ಬಲಗಳು ಮುಂದೆ ತಿರುಗಿದವು. ಇಂದು ಅಲ್ಲಿ ಅತ್ಯಧಿಕ ಸಮತಲ ಒತ್ತಡ ವಾಯವ್ಯ-ಆಗ್ನೇಯವಾಗಿದೆ, ಹಳೆಯ ಸ್ತರಭಂಗಗಳು ಎದುರು ಬದಿ ಎಡಕ್ಕೆ ಸರಿಯುವಂತೆ ಅಡ್ಡಜಾರಿವೆ. ಆದ್ದರಿಂದ ಒಂದೇ ಮೈಯ ಮೇಲೆ ಕುಸಿತದ ಕಾಲದ ಕಡಿದಾದ ಹಳೆಯ ಗೀರುಗಳೂ ಅವುಗಳನ್ನು ಅಳಿಸುತ್ತ ಸಾಗುವ ಅಡ್ಡ ಗೀರುಗಳೂ ಇರಬಹುದು. ಎರಡನ್ನೂ ಒಂದೇ ಕಂತೆಗೆ ಸೇರಿಸಿದರೆ ತಂತ್ರಾಂಶ ಯಾವ ಕಾಲದಲ್ಲೂ ಇಲ್ಲದಿದ್ದ ಒಂದು ಸರಾಸರಿ ಪ್ರತಿಬಲವನ್ನು ಸಂಕೋಚವಿಲ್ಲದೆ ಕೊಡುತ್ತದೆ. ಅದರ ಅಚ್ಚುಕಟ್ಟಾದ ನಕ್ಷೆ ನೋಡಿ ಮೋಸಹೋಗುವುದು ಸುಲಭ. ಎಲ್ಲ ಸ್ತರಭಂಗಗಳೂ ಪರಸ್ಪರ ಸಮಾಂತರವಾಗಿದ್ದರಂತೂ ಅಳತೆಗಳೆಷ್ಟಿದ್ದರೂ ಉತ್ತರ ಸಡಿಲವೇ. ಪದರಗಳು ಬಳಿಕ ವಾಲಿದ್ದರೆ ಮೊದಲು ಅವನ್ನು ಲೆಕ್ಕದಲ್ಲಿ ಸಮತಲಕ್ಕೆ ತಂದುಕೊಳ್ಳಬೇಕು.

ಗೀರುಗಳು ಒಂದನ್ನೊಂದು ಕತ್ತರಿಸಿರುವ ರೀತಿ ಯಾವುದು ಮೊದಲು, ಯಾವುದು ನಂತರ ಎಂಬುದನ್ನಷ್ಟೇ ತಿಳಿಸುತ್ತದೆ. ಕಾಲಕ್ಕೆ ಬಂಡೆಯ ವಯಸ್ಸನ್ನೇ ಕೇಳಬೇಕು: ಕಣಿವೆಯ ನಡುವಿನ ಕೈಸರ್‌ಸ್ಟೂಲ್ ಜ್ವಾಲಾಮುಖಿ ಈಯೊಸೀನ್‌ಗಿಂತ ಈಚಿನ ಮಯೊಸೀನ್ ಯುಗದ್ದಾದ್ದರಿಂದ, ಅದರ ಶಿಲೆಗಳಲ್ಲಿ ಮೂಡಿದ ಗೀರು ಕಣಿವೆ ಮೊದಲ ಬಾರಿಗೆ ತೆರೆದುಕೊಂಡ ಕಾಲದ್ದಾಗಿರಲು ಸಾಧ್ಯವಿಲ್ಲ.