ಕೂಸಿಗಿಂತ ಮೊದಲೇ ಕುಲಾವಿ: ನೋಟರಿ ಕಚೇರಿಯಲ್ಲಿ ಕಲಿತದ್ದು

ನಾನು ನೋಟರಿಯಲ್ಲ, ನೋಟರಿಯವರ ಗುಮಾಸ್ತ. ಜಿಲ್ಲಾ ನ್ಯಾಯಾಲಯದ ಎದುರು ಸಾಲಿನಲ್ಲಿ ಹತ್ತಡಿ ಅಗಲದ ಕೋಣೆ ನಮ್ಮದು. ಒಂದು ಕಂಪ್ಯೂಟರ್, ಒಂದು ಇಂಕ್ ಪ್ಯಾಡ್, ಎರಡು ಪ್ಲಾಸ್ಟಿಕ್ ಕುರ್ಚಿ, ಜೊತೆಗೆ ಸದಾ ನನ್ನ ಮೊಣಕೈ ಕೆಳಗಿರುವ ರಿಜಿಸ್ಟರ್. ಕ್ರಮಸಂಖ್ಯೆ, ದಿನಾಂಕ, ಪತ್ರದ ಬಗೆ, ಬರೆದುಕೊಟ್ಟವರ ಹೆಸರು ಮತ್ತು ವಿಳಾಸ, ಶುಲ್ಕ, ಸಹಿ ಎಂದು ಅಡ್ಡಕ್ಕೆ ಗೆರೆ ಎಳೆದ ದಪ್ಪ ಪುಸ್ತಕ ಅದು. ಹನ್ನೊಂದು ವರ್ಷದಿಂದ ಅದನ್ನು ತುಂಬಿಸುತ್ತಿದ್ದೇನೆ.

ಕೆಲಸಕ್ಕೆ ಸೇರಿದ ಎರಡನೆಯ ತಿಂಗಳಲ್ಲೇ ದೊಡ್ಡ ತಪ್ಪೊಂದನ್ನು ಮಾಡಿದೆ. ಸರ್ ಕೋರ್ಟಿನ ಒಳಗಿದ್ದರು. ನಡುವಯಸ್ಸಿನ ಒಬ್ಬರು ಇ-ಸ್ಟ್ಯಾಂಪ್ ಕಾಗದ ಹಿಡಿದು ಬಂದು ಪ್ರಮಾಣಪತ್ರ (ಅಫಿಡವಿಟ್) ಟೈಪ್ ಮಾಡಿಸಿದರು. "ತಾರೀಖು ಮಾತ್ರ ಹೋದ ತಿಂಗಳ ಇಪ್ಪತ್ತೆಂಟು ಹಾಕಿಬಿಡಿ. ಅರ್ಜಿಯ ಗಡುವು ಅಂದೇ ಮುಗಿದುಹೋಗಿದೆ" ಎಂದರು. ಮಗಳ ಸೀಟಿನ ವಿಷಯವೆಂದು ಕಣ್ಣು ಒದ್ದೆ ಮಾಡಿಕೊಂಡರು. ನನಗೂ ಕರುಳು ಚುರ್ ಎಂದಿತು. ದಿನಕ್ಕೊಂದು ಹೊಸ ಪುಟ ತೆರೆಯುವ ಅಭ್ಯಾಸ ಆಗ ನನಗಿತ್ತು. ಹಾಗಾಗಿ ಇಪ್ಪತ್ತೆಂಟರ ಪುಟದ ಕೊನೆಯಲ್ಲಿ ಎರಡು ಸಾಲು ಖಾಲಿ ಇದ್ದವು. ಅಂದಿನ ಕೊನೆಯ ಸಂಖ್ಯೆ 147, ಮರುದಿನದ ಮೊದಲನೆಯದು 148. ನಾನು ನಡುವೆ "147ಎ" ಎಂದು ಬರೆದು, ಅವರ ಸಹಿ ಪಡೆದು, ಸರ್ ಸಹಿಗಾಗಿ ಟ್ರೇಯಲ್ಲಿಟ್ಟೆ. ಪುಣ್ಯದ ಕೆಲಸ ಮಾಡಿದೆನೆಂಬ ಸಣ್ಣ ಹೆಮ್ಮೆಯೂ ಇತ್ತು.

ಸಂಜೆ ಸರ್ ಬಂದರು. ಬೈಯಲಿಲ್ಲ. ಇ-ಸ್ಟ್ಯಾಂಪ್ ಕಾಗದದ ಮೇಲ್ಭಾಗಕ್ಕೆ ಬೆರಳಿಟ್ಟು "ಓದು" ಎಂದರು. 'ಐಎನ್-ಕೆಎ' ಎಂದು ಶುರುವಾಗುವ ಸಂಖ್ಯೆ. ಅದರ ಕೆಳಗೆ, ಕಾಗದ ವಿತರಣೆಯಾದ ದಿನಾಂಕ ಮತ್ತು ವೇಳೆ: ಅಂದಿನದೇ, ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷ. "ಕೂಸು ಹುಟ್ಟುವುದಕ್ಕೆ ಮೊದಲೇ ಕುಲಾವಿ ಹೊಲಿಸಿದ್ದೀಯಲ್ಲಪ್ಪ" ಎಂದರು. ಆಮೇಲೆ ಕೆಂಪು ಶಾಯಿಯಲ್ಲಿ ಆ ಸಾಲಿಗೆ ಅಡ್ಡಗೆರೆ ಎಳೆದು, "ರದ್ದು" ಎಂದು ಬರೆದು ಸಹಿ ಮಾಡಿ, ಅದರ ಕೆಳಗೆ ಅಂದಿನ ದಿನಾಂಕ ಹಾಕಿದರು. ರದ್ದು ಮಾಡಿದ್ದಕ್ಕೂ ಇಪ್ಪತ್ತೆಂಟು ಹಾಕಲಿಲ್ಲ.

ಒಂದು ಪತ್ರದ ಮೇಲೆ ಮೂರು ತಾರೀಖು ಇರುತ್ತವೆ ಎಂಬುದು ನನಗೆ ಅಂದು ತಿಳಿಯಿತು. ಸ್ಟ್ಯಾಂಪ್ ಕಾಗದ ಕೊಂಡದ್ದು ಒಂದು, ಸಹಿ ಮಾಡಿದ್ದು ಇನ್ನೊಂದು, ನೋಟರಿ ದೃಢೀಕರಿಸಿದ್ದು ಮತ್ತೊಂದು. ಕರ್ನಾಟಕದೊಳಗೆ ಬರೆದುಕೊಡುವ ಪತ್ರಕ್ಕೆ ಸಹಿಗೆ ಮುಂಚೆ ಅಥವಾ ಸಹಿಯ ಹೊತ್ತಿಗೆ ಮುದ್ರಾಂಕ ಶುಲ್ಕ ಕಟ್ಟಿರಬೇಕು ಎನ್ನುತ್ತದೆ ನಮ್ಮ 1957ರ ಮುದ್ರಾಂಕ ಕಾಯ್ದೆ. ಹಾಗಾಗಿ ಮೊದಲ ತಾರೀಖು ಉಳಿದೆರಡನ್ನು ದಾಟಿ ಮುಂದೆ ಹೋಗುವಂತಿಲ್ಲ. ಪ್ರಮಾಣಪತ್ರದಲ್ಲಂತೂ ಸಹಿಯೂ ದೃಢೀಕರಣವೂ ಒಂದೇ ದಿನ ಆಗಬೇಕು. ಏಕೆಂದರೆ ಅದು ನೋಟರಿಯ ಎದುರು ಮಾಡುವ ಪ್ರಮಾಣ. ಮನೆಯಲ್ಲಿ ಸಹಿ ಹಾಕಿ ತಂದರೆ ಕೊಟ್ಟವರು ಬೇರೊಂದು ಪ್ರತಿಯಲ್ಲಿ ಮತ್ತೆ ಸಹಿ ಮಾಡಬೇಕು. ಎಷ್ಟೋ ಜನ ಇದಕ್ಕೆ ಮುನಿಸಿಕೊಂಡು ಪಕ್ಕದ ಸಾಲಿಗೆ ಹೋಗಿದ್ದಾರೆ.

ಇದಕ್ಕೆ ತಿರುಗುಮುರುಗಾದ ಭಯವೂ ಜನರಿಗಿದೆ: ಸ್ಟ್ಯಾಂಪ್ ಕಾಗದ ಆರು ತಿಂಗಳಿಗೆ ಸತ್ತುಹೋಗುತ್ತದೆ ಎಂದು. ಬಳಸದ ಕಾಗದವನ್ನು ಮರಳಿಸಿ ಹಣ ಪಡೆಯಲು ಇರುವ ಗಡುವು ಆ ಆರು ತಿಂಗಳು. ಹಳೆಯ ಕಾಗದದ ಮೇಲೆ ಪತ್ರ ಬರೆಯಲು ಅದು ಅಡ್ಡಿಯಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ.

ಹಿಂದಿನ ತಾರೀಖು ಕೇಳುವವರೆಲ್ಲ ಮೋಸಗಾರರೆಂದೂ ಅಲ್ಲ. ಬಾಡಿಗೆದಾರ ಒಂದನೇ ತಾರೀಖಿಗೇ ಮನೆಗೆ ಬಂದಿರುತ್ತಾನೆ, ಕರಾರು ಮಾಡಿಸಲು ಪುರಸೊತ್ತು ಸಿಕ್ಕಿದ್ದು ಇಪ್ಪತ್ತಕ್ಕೆ. ಅಂಥವರಿಗೆ ಸುಳ್ಳು ತಾರೀಖಿನ ಅಗತ್ಯವೇ ಇಲ್ಲ. "ಈ ಕರಾರು ಒಂದನೇ ತಾರೀಖಿನಿಂದ ಜಾರಿಯಲ್ಲಿರುತ್ತದೆ" ಎಂದು ಒಳಗೆ ಒಂದು ಸಾಲು ಸೇರಿಸಿ, ಕೆಳಗೆ ಇಂದಿನ ತಾರೀಖಿಗೆ ಸಹಿ ಮಾಡಿದರೆ ಮುಗಿಯಿತು. ಆ ಒಂದು ಸಾಲು ಟೈಪ್ ಮಾಡಿ ನಾನು ಬಗೆಹರಿಸಿದ ಜಗಳಗಳಿಗೆ ಲೆಕ್ಕವಿಲ್ಲ.

ಇನ್ನು ಮೊಹರಿನ ವಿಷಯ. ಐದು ಸೆಂಟಿಮೀಟರ್ ವ್ಯಾಸದ ದುಂಡು ಮೊಹರು, ಅದರಲ್ಲಿ ನೋಟರಿಯ ಹೆಸರು, ವ್ಯಾಪ್ತಿ, ನೋಂದಣಿ ಸಂಖ್ಯೆ. ಇದು ಬಿದ್ದರೆ ಪತ್ರದಲ್ಲಿ ಬರೆದದ್ದೆಲ್ಲ ಸರ್ಕಾರವೇ ಒಪ್ಪಿದ ಸತ್ಯ ಎಂದು ಜನ ನಂಬುತ್ತಾರೆ. 1952ರ ನೋಟರಿ ಕಾಯ್ದೆಯ 8ನೇ ಕಲಂ ಕೊಡುವ ಅಧಿಕಾರ ಅಷ್ಟು ದೊಡ್ಡದಲ್ಲ. ಇಂಥ ವ್ಯಕ್ತಿ, ಇಂಥ ದಿನ, ನನ್ನೆದುರು ಸಹಿ ಮಾಡಿದ ಎಂಬುದಕ್ಕೆ ನೋಟರಿ ಸಾಕ್ಷಿ. ಒಳಗೆ ಬರೆದದ್ದು ಸುಳ್ಳಾದರೆ ಪ್ರಮಾಣ ಮಾಡಿದವನ ತಲೆಗೇ ಬರುತ್ತದೆ. ನೋಟರಿ ಮುಂದೆ ಜಮೀನು ಮಾರಿದೆವು ಎಂದು ಕರಾರು ಹಿಡಿದು ಬರುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ನೂರು ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಕ್ರಯಕ್ಕೆ ಉಪನೋಂದಣಾಧಿಕಾರಿ ಕಚೇರಿಯೇ ದಾರಿ, ನಮ್ಮ ಮೊಹರಿನಿಂದ ಹಕ್ಕು ಕೈ ಬದಲಾಗುವುದಿಲ್ಲ. ಮದುವೆ, ವಿಚ್ಛೇದನವೂ ಅಷ್ಟೇ.

ಆ ಸಣ್ಣ ಅಧಿಕಾರದ ತೂಕ ನನಗೆ ಗೊತ್ತಾದದ್ದು ಒಂದು ಆಟೋರಿಕ್ಷಾದೊಳಗೆ. ಒಬ್ಬ ಯುವಕ ಇಂಗ್ಲಿಷಿನಲ್ಲಿ ಟೈಪ್ ಆದ ಜಿಪಿಎ, ಅಂದರೆ ತನ್ನ ಪರವಾಗಿ ಕೆಲಸ ಮಾಡಲು ಇನ್ನೊಬ್ಬರಿಗೆ ಬರೆದುಕೊಡುವ ಸಾಮಾನ್ಯ ಅಧಿಕಾರಪತ್ರ, ತಂದ. ಬರೆದುಕೊಡುವವರು ಅವನ ಚಿಕ್ಕಮ್ಮ. ಮಂಡಿನೋವು, ಮೆಟ್ಟಿಲು ಹತ್ತಲಾರರು, ಕೆಳಗೆ ಆಟೋದಲ್ಲಿದ್ದಾರೆ, ಹೆಬ್ಬೆಟ್ಟು ತಾನೇ ಒತ್ತಿಸಿ ತರುತ್ತೇನೆ ಎಂದ. ಸರ್ ಎದ್ದು ಚಪ್ಪಲಿ ಮೆಟ್ಟಿಕೊಂಡರು. ನಾನು ರಿಜಿಸ್ಟರ್, ಇಂಕ್ ಪ್ಯಾಡ್ ಹಿಡಿದು ಹಿಂದೆ ಹೋದೆ.

"ಅಮ್ಮಾ, ಇದರಲ್ಲಿ ಏನು ಬರೆದಿದೆ ಗೊತ್ತೇ?"

"ಖಾತೆ ಕೆಲಸಕ್ಕೆ ತಾಲ್ಲೂಕು ಕಚೇರಿಗೆ ಇವನು ಓಡಾಡುತ್ತಾನಲ್ಲ ಸ್ವಾಮಿ, ಅದಕ್ಕೆ."

ಸರ್ ಆಟೋದ ಕಂಬಿ ಹಿಡಿದು ನಿಂತು ಒಂದೊಂದೇ ಕಲಮನ್ನು ಕನ್ನಡದಲ್ಲಿ ಹೇಳಿದರು. ಎರಡನೇ ಪುಟದಲ್ಲಿ ಜಮೀನು ಮಾರುವ ಅಧಿಕಾರವೂ ಇತ್ತು. ಆಕೆ ಸ್ವಲ್ಪ ಹೊತ್ತು ಸೆರಗಿನ ಅಂಚು ತಿರುವುತ್ತಾ ಕುಳಿತು, "ಮಾರುವುದು ಬೇಡ. ಓಡಾಟಕ್ಕೆ ಎಷ್ಟು ಬೇಕೋ ಅಷ್ಟು ಬರೆಯಿರಿ" ಎಂದರು. ಹುಡುಗನ ಮುಖ ಕಪ್ಪಿಟ್ಟಿತೋ ಇಲ್ಲವೋ ನಾನು ನೋಡಲಿಲ್ಲ. ಟೈಪ್ ಮಾಡಿದವನು ಹಳೆಯ ಮಾದರಿಯನ್ನೇ ಹಾಗೇ ಇಳಿಸಿದ್ದರೂ ಇದ್ದೀತು. ಹೊಸ ಪತ್ರ ಕನ್ನಡದಲ್ಲಿ ತಯಾರಾಯಿತು. ಎಡಗೈ ಹೆಬ್ಬೆಟ್ಟಿಗೆ ಶಾಯಿ ಹಚ್ಚಿ ಪ್ರತಿ ಪುಟಕ್ಕೂ ಒತ್ತಿಸಿದೆ, ರಿಜಿಸ್ಟರಿನಲ್ಲೂ ಒತ್ತಿಸಿದೆ. "ಓದಿ ಹೇಳಲಾಗಿದೆ, ಅರ್ಥವಾಗಿದೆ ಎಂದು ಒಪ್ಪಿದ್ದಾರೆ" ಎಂಬ ಸಾಲಿನ ಕೆಳಗೆ ಗುರುತಿಸಿದವರ ಸಹಿ, ಆಮೇಲೆ ಸರ್ ಸಹಿ. ಹೀಗೆ ನೋಟರಿಯ ಎದುರು ಬರೆದುಕೊಟ್ಟು ದೃಢೀಕರಿಸಿದ ಅಧಿಕಾರಪತ್ರವನ್ನು ನ್ಯಾಯಾಲಯ ಸರಿಯೆಂದೇ ಭಾವಿಸಿ ಮುಂದುವರಿಯುತ್ತದೆ. ಅಲ್ಲ ಎನ್ನುವವನೇ ರುಜುವಾತು ಮಾಡಬೇಕು. ಎದುರಿಗಿಲ್ಲದೆ ಬಿದ್ದ ಮೊಹರಿಗೂ ಮೇಲ್ನೋಟಕ್ಕೆ ಅದೇ ಬಲ ಸಿಕ್ಕಿಬಿಡುತ್ತದೆ. ಸರ್ ಕೆಳಗಿಳಿದದ್ದು ಅದಕ್ಕೇ.

ಈಚೆಗೆ ನಮ್ಮ ಟೇಬಲ್ಲಿಗೆ ಹೆಚ್ಚು ಬರುವುದು ಹೊರದೇಶದ ಲಕೋಟೆಗಳು. ಮಗ ಅಮೆರಿಕದಲ್ಲಿ, ಇಲ್ಲಿ ನಿವೇಶನದ ನೋಂದಣಿ, ಅಪ್ಪನ ಹೆಸರಿಗೆ ಅಧಿಕಾರಪತ್ರ. ಅಲ್ಲೇ ಮನೆಯಲ್ಲಿ ಸಹಿ ಮಾಡಿ ಕೊರಿಯರ್ ಹಾಕಿ, "ಇಲ್ಲಿ ನೋಟರಿ ಮಾಡಿಕೊಡಿ" ಎನ್ನುತ್ತಾರೆ. ಎದುರಿಗಿಲ್ಲದವನ ಸಹಿಗೆ ಇಲ್ಲಿ ಮೊಹರು ಬೀಳುವುದಿಲ್ಲ. ನೋಂದಣಿಗೆ ಪತ್ರ ಹಾಜರುಪಡಿಸುವ ಅಧಿಕಾರವಾದರೆ, ಹೊರದೇಶದಲ್ಲಿರುವವರು ಅಲ್ಲಿನ ನೋಟರಿಯ ಅಥವಾ ಭಾರತದ ಕಾನ್ಸುಲ್ ಕಚೇರಿಯ ಮುಂದೆಯೇ ಸಹಿ ಮಾಡಬೇಕು. 1908ರ ನೋಂದಣಿ ಕಾಯ್ದೆಯ 33ನೇ ಕಲಂ ಹೇಳುವುದು ಅದನ್ನೇ. ಅಮೆರಿಕದ ನೋಟರಿ ವಕೀಲನೇ ಆಗಿರಬೇಕೆಂದಿಲ್ಲ, ಬ್ಯಾಂಕಿನ ಸಿಬ್ಬಂದಿಯೂ ಆಗಿರಬಹುದು. ಅಲ್ಲಿ ಎರಡು ಬಗೆ. ಒಂದರಲ್ಲಿ, ಮೊದಲೇ ಮಾಡಿದ ಸಹಿ ತನ್ನದೆಂದು ನೋಟರಿಯ ಮುಂದೆ ಒಪ್ಪಿಕೊಂಡರೆ ಸಾಕು. ಇನ್ನೊಂದರಲ್ಲಿ, ಪ್ರಮಾಣ ಮಾಡಿ ಎದುರಲ್ಲೇ ಸಹಿ ಹಾಕಬೇಕು. ಆದ್ದರಿಂದ ಅಲ್ಲಿಂದ ಬಂದ ಕಾಗದದಲ್ಲಿ ಸಹಿಗೆ ಒಂದು ತಾರೀಖು, ನೋಟರಿಗೆ ಇನ್ನೊಂದು ಇದ್ದ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ. ಜಿಪಿಎ ಅಂದರೆ ನೋಟರಿಯ ಎದುರಲ್ಲೇ ಸಹಿ ಮಾಡಿ ಬಾ ಎಂದು ಮಾತ್ರ ಮಗನಿಗೆ ಮೊದಲೇ ಹೇಳಿಸುತ್ತೇನೆ.

ಆ ಕಾಗದ ಇಲ್ಲಿಗೆ ಬಂದ ಮೇಲೆ ನಮ್ಮ ರಾಜ್ಯದ ಮುದ್ರಾಂಕ ಶುಲ್ಕ ಕಟ್ಟಲು ಮೂರು ತಿಂಗಳ ಅವಕಾಶ. ಲೆಕ್ಕ ಶುರುವಾಗುವುದು ಮಗ ಸಹಿ ಮಾಡಿದ ದಿನದಿಂದ ಅಲ್ಲ, ಕಾಗದ ರಾಜ್ಯದೊಳಗೆ ಮೊದಲು ಕೈಗೆ ಸಿಕ್ಕ ದಿನದಿಂದ. ಆ ದಿನಕ್ಕೆ ಸಾಕ್ಷಿ ಕೊರಿಯರ್ ಚೀಟಿಯೇ. ಮೊನ್ನೆ ಒಬ್ಬ ಹಿರಿಯರು ಮಗನ ಪತ್ರವನ್ನು ಅಚ್ಚುಕಟ್ಟಾಗಿ ಪ್ಲಾಸ್ಟಿಕ್ ಕವರಿನಲ್ಲಿಟ್ಟು ತಂದರು. ಬಂದ ಲಕೋಟೆ ಎಲ್ಲಿ ಎಂದು ಕೇಳಿದೆ. "ಅದೇಕೆ ಬೇಕಪ್ಪಾ? ಹರಿದು ಬಚ್ಚಲ ಒಲೆಗೆ ಹಾಕಿದೆ" ಎಂದರು. ಈಗ ಕೊರಿಯರ್ ಕಚೇರಿಯಿಂದ ತಲುಪಿಸಿದ ದಾಖಲೆ ತರಿಸಲು ಅವರ ಪರವಾಗಿ ಅರ್ಜಿ ಟೈಪ್ ಮಾಡುತ್ತಿದ್ದೇನೆ, ಇಂದಿನ ತಾರೀಖಿಗೆ.