ಮೊದಲ ಸಂಜೆ ಹೋವರ್ ಸಾಕು

ಸಿಮ್ಯುಲೇಟರಿನಲ್ಲಿ ಹೆಲಿಕಾಪ್ಟರ್ ಕಲಿಯಲು ಕೂತ ಮೊದಲ ಸಂಜೆ ಎಲ್ಲಿಗೂ ಹಾರಬೇಕಿಲ್ಲ. ಹೋವರ್, ಅಂದರೆ ನೆಲದಿಂದ ಐದಡಿ ಮೇಲೆ ಗಾಳಿಯಲ್ಲಿ ಒಂದೇ ಕಡೆ ನಿಲ್ಲಿಸಲು ಬಂದರೆ ಅರ್ಧ ವಿದ್ಯೆ ಬಂದಂತೆ.

ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿಗೆ 2022ರ ನವೆಂಬರಿನಲ್ಲಿ ಬೆಲ್ 407 ಮತ್ತು ಕಾಬ್ರಿ ಜಿ2 ಹೆಲಿಕಾಪ್ಟರುಗಳು ಬಂದವು. ಇವೆರಡನ್ನು ಒಂದೇ ದಿನ ಅದಲುಬದಲು ಮಾಡಬೇಡಿ. ಬೆಲ್‌ನ ರೋಟರ್ ಮೇಲಿನಿಂದ ನೋಡಿದರೆ ಅಪ್ರದಕ್ಷಿಣೆಯಾಗಿ ಸುತ್ತುತ್ತದೆ. ಕಲೆಕ್ಟಿವ್ (ಏರಿಳಿಸುವ ಲಿವರ್) ಎಳೆದಾಗ ಮೂತಿ ಬಲಕ್ಕೆ ತಿರುಗುವುದರಿಂದ ಎಡ ಪೆಡಲ್ ಒತ್ತಬೇಕು. ಫ್ರಾನ್ಸಿನ ಕಾಬ್ರಿಯದ್ದು ತಿರುವುಮುರುವು, ಬಲ ಪೆಡಲ್. ಫ್ರೆಂಚ್ ವಿನ್ಯಾಸದ ಮೇಲೆ ಎಚ್‌ಎಎಲ್ ಬೆಂಗಳೂರಿನಲ್ಲಿ ಕಟ್ಟಿದ ಚೀತಾ, ಚೇತಕ್‌ಗಳಿಗೂ ಬಲ ಪೆಡಲೇ. ಕಾಲಿಗೆ ಒಂದು ರೂಢಿಯಾಗುವವರೆಗೆ ಇನ್ನೊಂದನ್ನು ಮುಟ್ಟದಿರುವುದು ಲೇಸು.

ಬಾಲದ ರೋಟರಿಗೆ ನೆರವು ಕೊಡುವ ಆಯ್ಕೆಯನ್ನು ಆಫ್ ಮಾಡಿ; ಅದಿದ್ದರೆ ಕಾಲು ಏನನ್ನೂ ಕಲಿಯುವುದಿಲ್ಲ. ನಿಜವಾದ ಕಲೆಕ್ಟಿವ್ ಸೀಟಿನ ಎಡಕ್ಕಿದ್ದು, ಮೇಲಕ್ಕೆ ಎಳೆದಾಗ ಹೆಲಿಕಾಪ್ಟರ್ ಏರುತ್ತದೆ. ಥ್ರಾಟಲ್ ಲಿವರನ್ನೇ ಬಳಸುವವರು ಆಕ್ಸಿಸ್ ರಿವರ್ಸ್ ಮಾಡಿ, ತಮ್ಮತ್ತ ಎಳೆದಾಗ ಏರುವಂತೆ ಇಟ್ಟುಕೊಳ್ಳಿ. ಹಿಂದೆಮುಂದೆ, ಎಡಬಲ ಸರಿಸುವ ಕೋಲಾದ ಸೈಕ್ಲಿಕ್‌ನ ಡೆಡ್ ಝೋನ್ (ಅಲುಗಿದರೂ ಲೆಕ್ಕಕ್ಕೆ ಬಾರದ ಜಾಗ) ಸೊನ್ನೆಯ ಹತ್ತಿರವಿರಲಿ. ಹೋವರ್‌ನಲ್ಲಿ ಕೈ ಆಡುವುದು ಮಿಲಿಮೀಟರುಗಳ ಲೆಕ್ಕದಲ್ಲಿ.

ಈಗ ಬೆಲ್ ಹಿಡಿಯಿರಿ. ಕಲೆಕ್ಟಿವ್ ನಿಧಾನವಾಗಿ ಎಳೆಯುತ್ತ ಹೋದಂತೆ ಸ್ಕಿಡ್ (ನೆಲಕ್ಕೂರುವ ಉದ್ದ ಕಾಲು) ಮೇಲಿನ ಭಾರ ಇಳಿದು ಮೂತಿ ಅಲುಗುತ್ತದೆ. ಅಲ್ಲೇ ಕೈ ತಡೆಯಿರಿ. ಪೆಡಲಿನಿಂದ ಮೂತಿ ನೇರ ಮಾಡಿ, ಜಾರುವುದನ್ನು ಸೈಕ್ಲಿಕ್‌ನಿಂದ ಹಿಡಿದು, ಆಮೇಲಷ್ಟೇ ಕಲೆಕ್ಟಿವ್ ಇನ್ನೊಂದು ಕೂದಲೆಳೆಯಷ್ಟು. ಬಾಲದ ರೋಟರ್ ಇಡೀ ಹೆಲಿಕಾಪ್ಟರನ್ನು ಬಲಕ್ಕೆ ನೂಕುತ್ತಿರುತ್ತದೆ, ಹಾಗಾಗಿ ಸೈಕ್ಲಿಕ್ ತುಸು ಎಡಕ್ಕೇ ಇರಬೇಕು. ಬಲ ಸ್ಕಿಡ್ ಮೊದಲು ಏಳುತ್ತದೆ, ಎಡದ್ದು ತಗ್ಗಿಯೇ ತೇಲುತ್ತದೆ. ಈ ವಾಲು ಸರಿಯಾದದ್ದೇ. ಎರಡನ್ನೂ ಸಮ ಮಾಡಲು ಹೊರಟರೆ ಬಲಕ್ಕೆ ಜಾರಿಹೋಗುತ್ತೀರಿ.

ಹೊಸಬರ ಹೋವರ್ ಕೆಡುವುದು ತಾಳ್ಮೆ ತಪ್ಪಿ. ಸೈಕ್ಲಿಕ್ ಒತ್ತಿದ ಮೇಲೆ ಹೆಲಿಕಾಪ್ಟರ್ ಸರಿಯಲು ಚೂರು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲೇ ಇನ್ನಷ್ಟು ಒತ್ತಿದರೆ ತೂಗಾಟ ಸಲಸಲಕ್ಕೂ ದೊಡ್ಡದಾಗುತ್ತದೆ. ಚೂರು ಒತ್ತಿ, ಕೂಡಲೇ ಅರ್ಧದಷ್ಟು ವಾಪಸ್ ತಂದು, ಏನಾಗುತ್ತದೆಂದು ಕಾಯಿರಿ. ಕಣ್ಣು ಮೂತಿಯ ಕೆಳಗಿನ ನೆಲದ ಮೇಲೆ ಬೇಡ, ದೂರದ ಮರ ಅಥವಾ ಹ್ಯಾಂಗರ್ ಮೇಲಿರಲಿ. ಮಾನಿಟರಿನಲ್ಲಿ ಓರೆಗಣ್ಣಿಗೆ ಏನೂ ಕಾಣದ ಕಾರಣ ಇದು ಇನ್ನೂ ಮುಖ್ಯ. ವಿಆರ್ ಕನ್ನಡಕ ಇದ್ದವರಿಗೆ ಈ ಕಷ್ಟ ಬಹಳ ಕಮ್ಮಿ.

ನಿಂತದ್ದು ಗಟ್ಟಿಯಾದ ಮೇಲೆ ಮುಂದೆ ಸಾಗಿ. 16ರಿಂದ 24 ನಾಟ್ ವೇಗದಲ್ಲಿ ರೋಟರಿಗೆ ಹೊಸ ಗಾಳಿ ಸಿಕ್ಕು, ಮೈ ನಡುಗಿ, ಮೂತಿ ಎದ್ದು ಬರುತ್ತದೆ. ಸೈಕ್ಲಿಕ್ ಮುಂದಕ್ಕೆ ಒತ್ತಿ ಅದನ್ನು ತಗ್ಗಿಸಿ.

ಇಳಿಯುವಾಗ ವೇಗ 30 ನಾಟ್‌ಗಿಂತ ಕಡಿಮೆಯಿದ್ದರೆ, ನಿಮಿಷಕ್ಕೆ 300 ಅಡಿಗಿಂತ ಜೋರಾಗಿ ಇಳಿಯಬೇಡಿ. ರೋಟರ್ ತಾನೇ ಕೆಳಗೆ ತಳ್ಳಿದ ಗಾಳಿಯ ಸುಳಿಯಲ್ಲಿ ಸಿಕ್ಕಿಬೀಳುತ್ತದೆ. ಗಾಬರಿಯಿಂದ ಕಲೆಕ್ಟಿವ್ ಎಳೆದಷ್ಟೂ ಕುಸಿತ ಹೆಚ್ಚುತ್ತದೆ. ಆಗ ಕಲೆಕ್ಟಿವ್ ಇಳಿಸಿ, ಸೈಕ್ಲಿಕ್ ಮುಂದೆ ಒತ್ತಿ, ಹೊಸ ಗಾಳಿಗೆ ನುಗ್ಗಿ. ಎತ್ತರ ಕೈಯಲ್ಲಿರುವಾಗ, 2,000 ಅಡಿಯಲ್ಲಿ, ಬೇಕೆಂದೇ ಇದಕ್ಕೆ ಸಿಕ್ಕಿಬಿದ್ದು ಹೊರಬರುವುದನ್ನು ಅಭ್ಯಾಸ ಮಾಡಿ.