ತಿಕೋಟಾದ ದ್ರಾಕ್ಷಿ ಪಡ, ಬಾಟಲಿಯ ಚೀಟಿ ಮತ್ತು ಕೊಲ್ಹಾರದ ಮೊಸರು

ವಿಜಯಪುರದ ಕಡೆಗೆ ದ್ರಾಕ್ಷಿ ಪಡ (ತೋಟ), ವೈನರಿ ನೋಡಲು ಹೊರಡುವವರು ಊರಿಗಿಂತ ಮೊದಲು ತಿಂಗಳನ್ನು ಗೊತ್ತುಮಾಡಿಕೊಳ್ಳಬೇಕು. ಫೆಬ್ರುವರಿಯಿಂದ ಮಾರ್ಚ್ ನಡುವಿನವರೆಗೆ ಹೋದರೆ ಕೊಯ್ಲು, ರಸ ಹಿಂಡುವ ಕೆಲಸ, ಒಣದ್ರಾಕ್ಷಿ ಶೆಡ್ ಮೂರೂ ಒಂದೇ ಸುತ್ತಿನಲ್ಲಿ ನೋಡಲು ಸಿಗುತ್ತವೆ. ಏಪ್ರಿಲ್‌ನಲ್ಲಿ ಹೋದರೆ ಚಾಟ್ನಿ ಮಾಡಿ, ಅಂದರೆ ಕಡ್ಡಿ ಕತ್ತರಿಸಿ, ಬೋಳಾದ ಬಳ್ಳಿ, ನೆತ್ತಿ ಸುಡುವ ಬಿಸಿಲು ಇವೆರಡೇ. ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಚಾಟ್ನಿ ನಡೆಯುತ್ತದೆ. ನಮ್ಮ ಭಾಗದ ಬಳ್ಳಿಗೆ ವರ್ಷದಲ್ಲಿ ಎರಡು ಸಲ ಕತ್ತರಿ ಬೀಳುತ್ತದೆ, ಬೆಳೆ ಬರುವುದು ಮಾತ್ರ ಒಂದೇ ಸಲ.

ನಾವು ಹೋದದ್ದು ಫೆಬ್ರುವರಿಯ ಎರಡನೆಯ ಶನಿವಾರ. ನಾನು, ನನ್ನ ಹೆಂಡತಿ, ಚಿಕ್ಕಪ್ಪನ ಮಗ. ಬೆಳಗಾವಿಯಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಿರುವ ಅವನಿಗೆ ಕಾಲೇಜಿನಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು: ಪ್ರದೇಶದ ಹೆಸರಿಗೆ ಕಾನೂನಿನ ರಕ್ಷಣೆ ಪಡೆದ ಬಿಳಿ ವೈನ್‌ಗಳ ನಿಯಮಗಳು. ಫ್ರಾನ್ಸ್, ಸ್ಪೇನ್‌ಗಳ ಕಟ್ಟಳೆಗಳನ್ನೆಲ್ಲ ಉರುಹೊಡೆದಿದ್ದ ಹುಡುಗ ಒಂದು ದ್ರಾಕ್ಷಿ ಪಡದಲ್ಲಿಯೂ ಕಾಲಿಟ್ಟಿರಲಿಲ್ಲ. ಬಾಗಲಕೋಟೆಯಲ್ಲಿ ಕುಳಿತು ಅದನ್ನು ಸಹಿಸುವುದು ನನಗೆ ಕಷ್ಟವಾಯಿತು. ಹುಡುಗ ಕುಡಿಯುವವನಲ್ಲ, ಕಾರು ಓಡಿಸುವವನು. ಇಂತಹ ಪ್ರವಾಸಕ್ಕೆ ಇಂತಹವನೊಬ್ಬ ಜೊತೆಗೆ ಇರಲೇಬೇಕು. ಕುಡಿದು ವಾಹನ ಓಡಿಸಬೇಡಿ ಎಂಬ ಮಾತನ್ನು ಪ್ರತಿ ಬಾಟಲಿಯ ಮೇಲೂ ಸುಮ್ಮನೆ ಅಚ್ಚು ಹಾಕಿಲ್ಲ.

ಬಾಗಲಕೋಟೆಯಿಂದ ರೈಲೂ ಇದೆ, ಬಸ್ಸಿಗಂತೂ ಬರವಿಲ್ಲ. ಆದರೆ ಪಡಗಳು ಮುಖ್ಯ ರಸ್ತೆ ಬಿಟ್ಟು ಒಳಗೆ ಇರುವುದರಿಂದ ಸ್ವಂತ ವಾಹನ ಅಥವಾ ವಿಜಯಪುರದಲ್ಲಿ ಹಿಡಿದ ಬಾಡಿಗೆ ಕಾರು ಮೇಲು. ಗದ್ದನಕೇರಿ ಕ್ರಾಸ್‌ನಿಂದ ಹೆದ್ದಾರಿ ಹಿಡಿದು, ಕೃಷ್ಣೆಯ ದೊಡ್ಡ ಸೇತುವೆ ದಾಟಿದರೆ ಕೊಲ್ಹಾರ. ಅಲ್ಲಿ ಗಡಿಗೆ ಮೊಸರು ಕಂಡರೆ ಹೋಗುವಾಗಲೇ ಕೊಳ್ಳಬೇಡಿ, ಬರುವಾಗ ಕೊಳ್ಳಿ. ಈ ಮಾತಿಗೆ ಆಮೇಲೆ ಬರುತ್ತೇನೆ.

ವಿಜಯಪುರ ದಾಟಿ ಪಶ್ಚಿಮಕ್ಕೆ ಅಥಣಿ ರಸ್ತೆಯಲ್ಲಿ ಹೊರಟರೆ ತೊರವಿ, ಮುಂದೆ ತಿಕೋಟಾ. ಗೋಳಗುಮ್ಮಟ, ಇಬ್ರಾಹಿಂ ರೋಜಾ ನೋಡುವ ಆಸೆ ಇದ್ದವರು ಅವುಗಳನ್ನು ಎರಡನೆಯ ದಿನಕ್ಕೆ ಇಟ್ಟುಕೊಳ್ಳಲಿ. ಪಡದ ಕೆಲಸವೆಲ್ಲ ಬೆಳಿಗ್ಗೆ ಹತ್ತರೊಳಗೆ ಮುಗಿದುಹೋಗುತ್ತದೆ. ಗುಮ್ಮಟ ಮಧ್ಯಾಹ್ನವೂ ಅಲ್ಲಿಯೇ ಇರುತ್ತದೆ.

ಮೊದಲ ಪೆಟ್ಟು ನಮಗೆ ಅಲ್ಲಿಯೇ ಬಿತ್ತು. ಒಂದು ವೈನರಿಯವರು ಫೋನಿನಲ್ಲಿ "ಬನ್ನಿ, ಬನ್ನಿ" ಎಂದಿದ್ದರು. ಗೇಟಿನಲ್ಲಿದ್ದ ಕಾವಲುಗಾರ ಮಾತ್ರ ಸಾಹೇಬರು ಊರಿನಲ್ಲಿಲ್ಲ ಎಂದು ಬೀಗವನ್ನೂ ಮುಟ್ಟಲಿಲ್ಲ. ಎರಡು ತಾಸು ಮಣ್ಣುಪಾಲು. ಆದ್ದರಿಂದ ಹಿಂದಿನ ದಿನ ಸಂಜೆ ಇನ್ನೊಮ್ಮೆ ಫೋನ್ ಮಾಡಿ, ಯಾರು ಒಳಗೆ ಕರೆದುಕೊಂಡು ಹೋಗುತ್ತಾರೆ ಎಂದು ಕೇಳಿ, ಅವರ ನಂಬರನ್ನೇ ಬರೆದುಕೊಳ್ಳಿ. ರುಚಿ ನೋಡುವ ವ್ಯವಸ್ಥೆ ಎಲ್ಲ ಕಡೆಯೂ ಇರುವುದಿಲ್ಲ, ಅದನ್ನೂ ಆಗಲೇ ಕೇಳಿಬಿಡಿ.

ಬೀಗ ಹಾಕಿದ ಗೇಟಿನಿಂದ ಆದ ಒಂದು ಲಾಭವೆಂದರೆ ಪಕ್ಕದ ಪಡದ ಯಜಮಾನರು. ನಾವು ರಸ್ತೆಯಲ್ಲಿ ಪೆಚ್ಚಾಗಿ ನಿಂತದ್ದನ್ನು ಕಂಡು ಅವರೇ ಕರೆದರು. ಅರವತ್ತು ದಾಟಿದ ರೈತರು, ಮೂರೂ ಜನ ಅವರನ್ನು ಕಾಕಾ ಎಂದೇ ಕರೆದೆವು. ಎಂಟು ಎಕರೆಯಲ್ಲಿ ಹೆಚ್ಚಿನದು ಥಾಮ್ಸನ್ ಸೀಡ್‌ಲೆಸ್, ಅದೆಲ್ಲ ಒಣದ್ರಾಕ್ಷಿಗೆ. ಒಂದು ಎಕರೆಯಲ್ಲಿ ಮಾತ್ರ ವೈನರಿಗಾಗಿ ಶೆನಿನ್ ಬ್ಲಾಂಕ್. ಅದರ ಗೊನೆ ಒತ್ತಾಗಿ ಹೆಣೆದ ಮುಡಿಯ ಹಾಗೆ, ಹಣ್ಣು ಸಣ್ಣದು, ಒಳಗೆ ಬೀಜ. ಬಾಯಿಗೆ ಹಾಕಿಕೊಂಡ ನನ್ನ ಹೆಂಡತಿ ಸಿಪ್ಪೆ ಗಟ್ಟಿ ಎಂದು ಮುಖ ಕಿವುಚಿದಳು. ಕೇಳದೆ ಹಣ್ಣು ಕಿತ್ತು ತಿನ್ನಬೇಡಿ. ಔಷಧಿ ಹೊಡೆದು ಎಷ್ಟು ದಿನವಾಗಿದೆ ಎಂಬುದು ಯಜಮಾನರಿಗೆ ಮಾತ್ರ ಗೊತ್ತು.

ಹುಡುಗ ತನ್ನ ವಹಿ ತೆರೆದ. ಶೆನಿನ್ ಬ್ಲಾಂಕ್ ಮೂಲತಃ ಫ್ರಾನ್ಸಿನ ಲ್ವಾರ್ ನದಿಯ ಕಡೆಯ ತಳಿ. ಅಲ್ಲಿ ವೂವ್ರೆ ಎಂಬ ಊರಿದೆ, 1936ರಿಂದ ಅದರ ಹೆಸರಿಗೆ ಕಾನೂನಿನ ರಕ್ಷಣೆ. ಶೆನಿನ್ ಬಳ್ಳಿಯನ್ನು ಲೋಕದಲ್ಲಿ ಯಾರು ಬೇಕಾದರೂ ನೆಡಬಹುದು, ಬಾಟಲಿಯ ಮೇಲೆ ಶೆನಿನ್ ಎಂದು ಬರೆಯಬಹುದು. ವೂವ್ರೆ ಎಂದು ಮಾತ್ರ ಬರೆಯುವ ಹಾಗಿಲ್ಲ. ತಳಿಯ ಹೆಸರು ಬಳ್ಳಿಯ ಜೊತೆ ಊರೂರು ತಿರುಗುತ್ತದೆ, ಊರಿನ ಹೆಸರು ಊರು ಬಿಟ್ಟು ಕದಲುವುದಿಲ್ಲ. ಬಾಟಲಿಯ ಚೀಟಿ ಓದುವುದಕ್ಕೆ ಇಷ್ಟು ತಿಳಿದರೆ ಅರ್ಧ ಕೆಲಸ ಆದಂತೆ.

"ಅಷ್ಟೇ ಏನು ತಮ್ಮಾ? ಊರಿನಲ್ಲಿ ಬೆಳೆದರೆ ಹೆಸರು ಸಿಕ್ಕಿತು?" ಎಂದರು ಕಾಕಾ.

ಅಷ್ಟೇ ಅಲ್ಲ. ಯುರೋಪಿನ ಒಕ್ಕೂಟದಲ್ಲಿ ಎರಡು ಮಟ್ಟಗಳಿವೆ. ಬಿಗಿಯಾದ ಮಟ್ಟದಲ್ಲಿ ದ್ರಾಕ್ಷಿ ಪೂರ್ತಿ ಆ ಪ್ರದೇಶದ್ದೇ ಆಗಿರಬೇಕು, ವೈನ್ ಮಾಡುವುದೂ ಅಲ್ಲಿಯೇ. ಸಡಿಲ ಮಟ್ಟದಲ್ಲಿ ಶೇಕಡ 85ರಷ್ಟು ದ್ರಾಕ್ಷಿ ಅಲ್ಲಿಯದಾದರೆ ಸಾಕು. ಯಾವ ತಳಿ, ಗಡಿ ಎಲ್ಲಿಂದ ಎಲ್ಲಿಗೆ, ಹೆಕ್ಟೇರಿಗೆ ಹೆಚ್ಚೆಂದರೆ ಎಷ್ಟು ಇಳುವರಿ, ಆ ನೆಲ ಮತ್ತು ಹವೆಗೂ ರುಚಿಗೂ ಏನು ನಂಟು, ಇದನ್ನೆಲ್ಲ ತಪಾಸಣೆ ಮಾಡುವವರು ಯಾರು, ಎಲ್ಲವನ್ನೂ ಬರೆದು ಒಪ್ಪಿಗೆ ಪಡೆದಿರಬೇಕು. ಶಾಬ್ಲಿ ಎಂಬ ಪ್ರಸಿದ್ಧ ಬಿಳಿ ವೈನಿಗೆ 1938ರಿಂದ ರಕ್ಷಣೆ ಇದೆ. ಅದಕ್ಕೆ ಶಾರ್ಡೊನೆ ಒಂದೇ ತಳಿ, ಬೇರೆ ಯಾವುದನ್ನೂ ಬೆರೆಸುವಂತಿಲ್ಲ. ಸಾನ್ಸೇರ್ ಎಂಬ ಇನ್ನೊಂದು ಹೆಸರು 1936ರಲ್ಲಿ ಬಿಳಿ ವೈನಿಗೆ ಮಾತ್ರ ಸಿಕ್ಕಿತ್ತು. ಅದೇ ಊರಿನ ಕೆಂಪು ವೈನು ಆ ಹೆಸರಿಗಾಗಿ 1959ರವರೆಗೆ ಕಾಯಬೇಕಾಯಿತು.

ಇಳುವರಿಯ ಮಾತು ಬಂದಾಗ ಕಾಕಾ ಕಿವಿ ನಿಮಿರಿತು. ಶಾಬ್ಲಿಯಲ್ಲಿ ಹೆಕ್ಟೇರಿಗೆ ಸಾಮಾನ್ಯ ಮಿತಿ 60 ಹೆಕ್ಟೋಲೀಟರ್, ಅಂದರೆ 6,000 ಲೀಟರ್ ವೈನ್. ಮೊಬೈಲಿನಲ್ಲಿ ಲೆಕ್ಕ ಹಾಕಿದೆವು: ಎಕರೆಗೆ ಸುಮಾರು 2,400 ಲೀಟರ್, ಅಂದರೆ ಮೂರು ಟನ್‌ಗಿಂತ ತುಸು ಹೆಚ್ಚು ದ್ರಾಕ್ಷಿ.

"ಮೂರು ಟನ್ನೇ? ನಾನು ಥಾಮ್ಸನ್‌ನಲ್ಲಿ ಎಕರೆಗೆ ಹತ್ತು ತೆಗೆಯುತ್ತೇನೆ. ಕಡಿಮೆ ಬೆಳೆ ಎಂದು ಸರ್ಕಾರವೇ ಹೇಳುತ್ತದೆಯೇ ಮಾಸ್ತರೇ?"

ಸರ್ಕಾರದ ಮುದ್ರೆ ಬೀಳುತ್ತದೆ, ಆದರೆ ನಿಯಮ ಬರೆದುಕೊಳ್ಳುವವರು ಬೆಳೆಗಾರರ ಸಂಘದವರೇ ಎಂದೆ. ಗೊನೆ ಹೆಚ್ಚಾದರೆ ರಸ ನೀರಾಗುತ್ತದೆ, ಊರಿನ ಹೆಸರು ಕೆಡುತ್ತದೆ ಎಂಬ ಭಯ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, ಶೆನಿನ್‌ಗೆ ಇಲ್ಲಿಯ ವೈನರಿಯವರೂ ಗೊನೆ ಉದುರಿಸು ಎಂದೇ ಕಾಡುತ್ತಾರೆ, ದರ ಮಾತ್ರ ಅದಕ್ಕೆ ತಕ್ಕಂತೆ ಕೊಡುವುದಿಲ್ಲ ಎಂದರು. ನನಗೆ ಆ ಇಡೀ ದಿನದ ಅತ್ಯಂತ ಗಟ್ಟಿ ಮಾತು ಅದೇ ಅನ್ನಿಸಿತು. ಹೆಸರಿನ ಬೆಲೆ ಬೆಳೆಗಾರನ ಕೈಗೆ ಬರುವುದಾದರೆ ಮಾತ್ರ ಅವನು ಏಳು ಟನ್ ಬಿಟ್ಟುಕೊಟ್ಟಾನು.

ಇನ್ನೊಂದು ನಿಯಮ ಕೇಳಿ ಅವರು ನಕ್ಕೇಬಿಟ್ಟರು. ಫ್ರಾನ್ಸಿನ ಇಂತಹ ಹೆಸರಾಂತ ತೋಟಗಳಲ್ಲಿ ಬಹುಕಾಲ ನೀರು ಹಾಯಿಸುವುದಕ್ಕೇ ನಿಷೇಧವಿತ್ತು, ಈಗಲೂ ಕೆಲವು ಕಡೆ ವಿಶೇಷ ಅನುಮತಿ ಪಡೆದು ಮಿತಿಯಲ್ಲಿ ಹಾಯಿಸಬೇಕು. ತಿಕೋಟಾದಲ್ಲಿ ಹನಿ ನೀರಾವರಿಯ ಕರಿ ಪೈಪು ಇಲ್ಲದ ಪಡ ನಮಗೆ ಒಂದೂ ಕಾಣಲಿಲ್ಲ, ಬೇಸಿಗೆಯಲ್ಲಿ ಬೋರ್ ಬತ್ತಿದರೆ ಟ್ಯಾಂಕರ್ ತರಿಸಿ ಬಳ್ಳಿ ಉಳಿಸಿದವರಿದ್ದಾರೆ. ಅಲ್ಲಿಯ ಕಟ್ಟಳೆಯನ್ನು ಇಲ್ಲಿಗೆ ಹಾಗೆಯೇ ತಂದು ಹಾಕಿದರೆ ಬಳ್ಳಿಯೇ ಉಳಿಯುವುದಿಲ್ಲ.

ಕಾಕಾ ತಮ್ಮ ಒಣದ್ರಾಕ್ಷಿ ಶೆಡ್ಡಿಗೂ ಕರೆದುಕೊಂಡು ಹೋದರು. ಹಣ್ಣನ್ನು ಔಷಧಿ ನೀರಿನಲ್ಲಿ ಅದ್ದಿ, ಬಲೆಯ ಅಂತಸ್ತುಗಳಲ್ಲಿ ಹರವಿ, ನೆರಳಿನಲ್ಲಿ ಎರಡು ವಾರದಷ್ಟು ಒಣಗಿಸುತ್ತಾರೆ. ನಾಲ್ಕು ಕಿಲೋ ಹಸಿ ಹಣ್ಣಿಗೆ ಒಂದು ಕಿಲೋ. ಬಣ್ಣಕ್ಕಾಗಿ ಗಂಧಕದ ಹೊಗೆ ಕೊಡುವ ಕಡೆ ಉಬ್ಬಸದವರು ಒಳಗೆ ಹೋಗಬಾರದು. ಕೊಳ್ಳುವುದಾದರೆ ಶೆಡ್ಡಿನಲ್ಲಿಯೇ ಕೊಳ್ಳಿ, ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಕಾಳು ಬಿಡಿಬಿಡಿಯಾಗಿ ಬೀಳಬೇಕು. ಇವರ ಮಾಲು ಹೆಚ್ಚಾಗಿ ತಾಸಗಾಂವ್, ಸಾಂಗಲಿ ಪೇಟೆಗೆ ಹೋಗುತ್ತದೆ. ಸಾಂಗಲಿಯ ಒಣದ್ರಾಕ್ಷಿಗೆ ಭೌಗೋಳಿಕ ಸೂಚಕ, ಅಂದರೆ ಎಲ್ಲರೂ ಜಿಐ ಎನ್ನುವ ಗುರುತು ಇದೆ. "ಲಾರಿ ಗಡಿ ದಾಟಿದ ಮೇಲೆ ನನ್ನ ಹಣ್ಣಿಗೆ ಯಾವ ಊರು ಅಂಟಿಕೊಳ್ಳುತ್ತದೋ ನನಗೇನು ಗೊತ್ತು" ಎಂದರು ಕಾಕಾ.

ಮಧ್ಯಾಹ್ನ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಊಟದ ನಡುವೆ ನಮ್ಮ ದೇಶದ ಕಾನೂನಿನ ಪಾಠ ನಡೆಯಿತು. 1999ರ ಭೌಗೋಳಿಕ ಸೂಚಕಗಳ ಕಾಯ್ದೆ ಜಾರಿಗೆ ಬಂದದ್ದು 2003ರ ಸೆಪ್ಟೆಂಬರ್ 15ರಂದು, ನೋಂದಣಿ ಕಚೇರಿ ಚೆನ್ನೈನಲ್ಲಿ. ಅರ್ಜಿ ಹಾಕಬೇಕಾದದ್ದು ಒಬ್ಬ ವ್ಯಾಪಾರಿಯಲ್ಲ, ಉತ್ಪಾದಕರ ಪರವಾಗಿ ನಿಲ್ಲುವ ಸಂಘ ಅಥವಾ ಸಂಸ್ಥೆ. ಆಮೇಲೆ ಒಬ್ಬೊಬ್ಬ ಬೆಳೆಗಾರನೂ ಅಧಿಕೃತ ಬಳಕೆದಾರನೆಂದು ಬೇರೆಯಾಗಿ ಹೆಸರು ಬರೆಸಬೇಕು. ಹತ್ತು ವರ್ಷಕ್ಕೊಮ್ಮೆ ನವೀಕರಣ. ಟ್ರೇಡ್‌ಮಾರ್ಕನ್ನು ಮಾರಬಹುದು, ಜಿಐ ಅನ್ನು ಯಾರಿಗೂ ಮಾರಲು ಬರುವುದಿಲ್ಲ. ನಾಶಿಕ ಕಣಿವೆಯ ವೈನಿಗೆ ಈ ಗುರುತು ಇದೆ, ಫ್ರಾನ್ಸಿನ ಶಾಂಪೇನ್ ಕೂಡ ಇಲ್ಲಿ ನೋಂದಣಿ ಮಾಡಿಸಿಕೊಂಡಿದೆ. ವಿಶ್ವ ವ್ಯಾಪಾರ ಒಪ್ಪಂದದಲ್ಲಿಯೂ ವೈನು ಮತ್ತು ಭಟ್ಟಿ ಇಳಿಸಿದ ಮದ್ಯಗಳಿಗೆ ಹೆಚ್ಚಿನ ಕಾವಲು: 'ಶಾಬ್ಲಿ ಮಾದರಿಯ' ಎಂದು ಬರೆದು ನುಣುಚಿಕೊಳ್ಳುವುದಕ್ಕೂ ಅವಕಾಶವಿಲ್ಲ.

ಇವು ನಮಗೆ ದೂರದ ಸಂಗತಿಗಳೇನಲ್ಲ. ವಿಜಯಪುರ ಜಿಲ್ಲೆಯ ಇಂಡಿ ಊರಿನ ಲಿಂಬೆಗೆ ಜಿಐ ಇದೆ, ನನ್ನ ಹೆಂಡತಿ ಅಂದು ಉಟ್ಟಿದ್ದ ಇಳಕಲ್ ಸೀರೆಗೆ ಇದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದವು. ನೆಲದ ಗುಣ, ಕೈಯ ಕಸಬು ರಾಜ್ಯದ ಗಡಿ ನೋಡಿ ನಿಲ್ಲುವುದಿಲ್ಲ.

ಸಂಜೆ ಎರಡನೆಯ ವೈನರಿಯಲ್ಲಿ ಅದೃಷ್ಟ ಖುಲಾಯಿಸಿತು. ಅಲ್ಲಿಯ ಮೇಲ್ವಿಚಾರಕರು ತಾಳ್ಮೆಯಿಂದ ತೋರಿಸಿದರು. ಬಿಳಿ ವೈನಿಗೆ ಹಣ್ಣನ್ನು ನಸುಕಿನಲ್ಲಿಯೇ ಕೊಯ್ದು ತರುತ್ತಾರೆ, ಹಿಂಡಿದ ಕೂಡಲೇ ಸಿಪ್ಪೆ ಬೇರೆ ಮಾಡುತ್ತಾರೆ, ರಸವನ್ನು ತಣ್ಣನೆಯ ಸ್ಟೀಲ್ ಟ್ಯಾಂಕಿನಲ್ಲಿ ಹುಳಿಯಲು ಬಿಡುತ್ತಾರೆ. ಕರೆಂಟ್ ಹೋದರೆ ಟ್ಯಾಂಕು ಬಿಸಿಯಾಗುತ್ತದೆಂದು ಜನರೇಟರ್ ಸದಾ ಸಿದ್ಧ. ಬಾಟಲಿಯ ಚೀಟಿಯನ್ನು ಹುಡುಗ ಭೂತಗನ್ನಡಿ ಹಿಡಿದವನಂತೆ ಓದಿದ. ದೊಡ್ಡ ಅಕ್ಷರದಲ್ಲಿ ಬ್ರ್ಯಾಂಡ್, ಅದರ ಕೆಳಗೆ ತಳಿಯ ಹೆಸರು, ಹಿಂದುಗಡೆ ವಿಳಾಸ. ಜಿಐ ಚಿಹ್ನೆ ಇರಲಿಲ್ಲ. ವಿಳಾಸ ಈ ಜಿಲ್ಲೆಯದೇ ಅಲ್ಲವೇ ಎಂದು ನಾನು ಕೇಳಿದೆ. "ಅದು ಕಾರ್ಖಾನೆಯ ವಿಳಾಸ ಸರ್. ಬೆಳೆ ಕೈಕೊಟ್ಟ ವರ್ಷ ಬೇರೆ ಜಿಲ್ಲೆಯ ಹಣ್ಣನ್ನೂ ತರುತ್ತೇವೆ" ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಅದರಲ್ಲಿ ತಪ್ಪೇನೂ ಇಲ್ಲ. ವಿಳಾಸವನ್ನೇ ಹಣ್ಣಿನ ಹುಟ್ಟೂರು ಎಂದು ಓದಿಕೊಳ್ಳುವುದು ನಮ್ಮ ತಪ್ಪು. ನೀವು ಹೋದಾಗ ಈ ಒಂದು ಪ್ರಶ್ನೆಯನ್ನು ಕೇಳಲೇಬೇಕು: ಈ ವರ್ಷದ ಹಣ್ಣು ಯಾವ ಪಡದ್ದು? ಉತ್ತರ ಹೇಳುವವರ ಮುಖ ಅರಳಿದರೆ ಆ ಬಾಟಲಿ ಕೊಳ್ಳಿ.

ನಾವು ಎರಡು ಕೊಂಡೆವು, ರಸೀದಿ ಸಮೇತ. ರಸೀದಿ ಜೋಪಾನವಾಗಿರಲಿ. ಸೋಲಾಪುರ, ಸಾಂಗಲಿಯ ಕಡೆ ಮುಂದುವರಿಯುವವರು ಮದ್ಯದ ಬಾಟಲಿಯೊಂದಿಗೆ ಗಡಿ ದಾಟುವ ಮೊದಲು ಅಬಕಾರಿ ನಿಯಮ ಕೇಳಿಕೊಳ್ಳಬೇಕು, ಎರಡೂ ರಾಜ್ಯಗಳ ಲೆಕ್ಕ ಬೇರೆ. ಮತ್ತೆ ನಾನು ಮಾಡಿದ ದಡ್ಡತನ ನೀವು ಮಾಡಬೇಡಿ. ಮರುದಿನ ಗೋಳಗುಮ್ಮಟದ ಮುಂದೆ ಬಿಸಿಲಿನಲ್ಲಿ ಕಾರು ನಿಲ್ಲಿಸಿ ಮೂರು ತಾಸು ತಿರುಗಿ ಬಂದೆವು. ಒಂದು ಬಾಟಲಿಯ ಬಿರಡೆ ಮೇಲೆದ್ದಿತ್ತು, ಹಿಂದಿನ ಸೀಟೆಲ್ಲ ಅಂಟಂಟು. ಉಳಿದ ಇನ್ನೊಂದೂ ಮನೆಯಲ್ಲಿ ತೆರೆದಾಗ ಬೇಯಿಸಿದ ಸೇಬಿನ ವಾಸನೆ ಹೊಡೆಯುತ್ತಿತ್ತು. ಥರ್ಮಾಕೋಲ್ ಪೆಟ್ಟಿಗೆ, ಒಂದಿಷ್ಟು ಐಸು, ಇಷ್ಟನ್ನು ಮನೆಯಿಂದಲೇ ಒಯ್ಯಿರಿ. ಬಿಳಿ ವೈನನ್ನು ಕೊನೆಯ ದಿನ, ಊರಿಗೆ ಹೊರಡುವ ಹೊತ್ತಿಗೆ ಕೊಂಡರೆ ಇನ್ನೂ ಒಳ್ಳೆಯದು.

ಮೊಸರಿನದೂ ಅದೇ ಲೆಕ್ಕ, ಅದಕ್ಕೇ ಬರುವಾಗ ಕೊಳ್ಳಿ ಎಂದದ್ದು. ಕೊಲ್ಹಾರದಲ್ಲಿ ಕಾರು ನಿಲ್ಲಿಸಿ ಒಂದು ಗಡಿಗೆ ಆರಿಸಿಕೊಂಡೆವು. ಹುಡುಗನಿಗೆ ಎರಡು ದಿನದ ಚಟ ಹತ್ತಿತ್ತು, ಮಾರುವ ಹೆಂಗಸನ್ನು ಕೇಳಿಯೇಬಿಟ್ಟ: "ಅಕ್ಕಾ, ಹಾಲು ಈ ಊರಿನದೇ ಏನು?"

ಆಕೆ ಗಡಿಗೆಯ ಬಾಯಿಗೆ ಕಾಗದ ಕಟ್ಟುತ್ತಾ ತಲೆಯನ್ನೂ ಎತ್ತಲಿಲ್ಲ. "ಹಾಲು ಸುತ್ತಲಿನ ಹಳ್ಳಿಯಿಂದ ಬರುತ್ತದಪ್ಪಾ. ಹೆಪ್ಪು ಮಾತ್ರ ನಮ್ಮತ್ತೆಯ ಕಾಲದ್ದು."

ಹುಡುಗ ವಹಿ ತೆರೆದು ಇದನ್ನು ಬಿಗಿ ಮಟ್ಟಕ್ಕೆ ಸೇರಿಸಲೋ, ಸಡಿಲ ಮಟ್ಟಕ್ಕೋ ಎಂದು ಸೇತುವೆ ಬರುವವರೆಗೂ ನನ್ನನ್ನು ಕೇಳುತ್ತಲೇ ಇದ್ದ. ಹೆಂಡತಿ ಗಡಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ತಗ್ಗು ಬಂದಾಗ ಮೆಲ್ಲಗೆ ಓಡಿಸಲು ಹೇಳಿದಳು.